ಹಳದಿ ರಟ್ಟಿನ ರೇಸ್ ಬುಕ್: ಮುಖಪುಟ ಬಿಡಿ, ಟ್ರ್ಯಾಕ್ ವರ್ಕ್ ಪುಟ ಓದಿ

ಮೈಸೂರಲ್ಲಿ ರೇಸ್ ಇದ್ದರೆ ಹಿಂದಿನ ಸಂಜೆಯೇ ಪೇಪರ್ ಅಂಗಡಿಗಳಲ್ಲಿ ಹಳದಿ ರಟ್ಟಿನ ಒಂದು ತೆಳ್ಳನೆ ಬುಕ್ ನೇತಾಡುತ್ತಿರುತ್ತದೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಲವು ದೂರುಗಳೂ ಇವೆ. ನೋಡಿದವರಿಗೆ ಯಾವುದು ಅಂತ ಗೊತ್ತಾಗುತ್ತದೆ. ನಾನು ಮಂಡ್ಯದಿಂದ ರೈಲಿನಲ್ಲಿ ಬರುವವನು. ಬಂದ ತಕ್ಷಣ ಇದನ್ನು ಕೊಂಡು, ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸ್ ಮುಟ್ಟುವಷ್ಟರಲ್ಲಿ ಹಿಂದಿನ ನಾಲ್ಕು ಪುಟ, ಅಂದರೆ ಕುದುರೆಗಳ ಬೆಳಗಿನ ಅಭ್ಯಾಸದ (ಟ್ರ್ಯಾಕ್ ವರ್ಕ್) ಪುಟಗಳನ್ನು, ಓದಿ ಮುಗಿಸಿರುತ್ತೇನೆ. ಆ ನಾಲ್ಕು ಪುಟಕ್ಕೆ ಕೊಟ್ಟ ದುಡ್ಡು ವಸೂಲು. ಉಳಿದದ್ದು ಸುಮಾರು.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ವರ್ಷಗಟ್ಟಲೆ ಸ್ಟಾಪ್‌ವಾಚ್ ಹಿಡಿದು ಮಕ್ಕಳನ್ನು ಓಡಿಸಿದ್ದೇನೆ. ಹಾಗಾಗಿ ಬೆಳಗಿನ ಅಭ್ಯಾಸದ ಟೈಮ್ ಬರೆದಿರುವ ಪುಟ ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ. ಮೈಸೂರು ರೇಸ್ ಕ್ಲಬ್ ಶುರುವಾದದ್ದು 1891ರಲ್ಲಿ. ಇಷ್ಟು ಹಳೆಯ ಆಟ ಇರುವ ಊರಲ್ಲಿ ಈ ಪುಟ ಓದುವವರು ಕಡಿಮೆ, ಟಿಪ್ಸ್ ಕೇಳುವವರು ಜಾಸ್ತಿ. ನನಗೆ ಇದು ನಿಜವಾಗಿಯೂ ಬೇಜಾರು.

ಒಂದು ಸಾಲು ಹೇಗಿರುತ್ತದೆ ನೋಡಿ. "1000 ಮೀ. 1-7, 600/39, ಸಲೀಸು." ಅಂದರೆ ಸಾವಿರ ಮೀಟರ್ ಒಂದು ನಿಮಿಷ ಏಳು ಸೆಕೆಂಡ್, ಅದರಲ್ಲಿ ಕೊನೆಯ 600 ಮೀಟರ್ 39 ಸೆಕೆಂಡ್. ಕಳೆದು ನೋಡಿ. ಮೊದಲ 400ಕ್ಕೆ 28 ಸೆಕೆಂಡ್ ಆಯಿತು. ಇನ್ನೂರು ಮೀಟರಿಗೆ ಹದಿನಾಲ್ಕರಂತೆ ಹೊರಟ ಕುದುರೆ ಕೊನೆಯಲ್ಲಿ ಹದಿಮೂರರಂತೆ ಬಂದಿದೆ. ವೇಗ ಏರಿದೆ.

ಅದರ ಕೆಳಗೇ ಇನ್ನೊಂದು ಕುದುರೆ ಇರಬಹುದು. "1-6, 600/41." ಒಟ್ಟು ಟೈಮ್ ಒಂದು ಸೆಕೆಂಡ್ ಕಡಿಮೆ. ಕುದುರೆ ಓಟದಲ್ಲಿ ಒಂದು ಸೆಕೆಂಡ್ ಅಂದರೆ ಐದಾರು ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ), ಸಣ್ಣ ಮಾತಲ್ಲ. ಆದರೆ ಇದು ಮೊದಲ 400 ಅನ್ನು 25ರಲ್ಲಿ ಹಾರಿ, ಆಮೇಲೆ ಸೋತಿದೆ. ಬುಕ್‌ನ ಮುಖಪುಟದಲ್ಲಿ ನಕ್ಷತ್ರ ಸಿಗುವುದು ಈ ಎರಡನೆಯದಕ್ಕೆ. ನಾನು ಗುರುತು ಹಾಕುವುದು ಮೊದಲನೆಯದಕ್ಕೆ. ನಮ್ಮ ಸ್ಕೂಲಿನ 800 ಮೀಟರ್ ಹುಡುಗಿಯರಲ್ಲೂ ಹೀಗೇ. ಮೊದಲ ಸುತ್ತು ಅಳತೆಯಲ್ಲಿ ಓಡಿ ಎರಡನೇ ಸುತ್ತಿಗೆ ಕಾಲು ಉಳಿಸಿಕೊಂಡವಳೇ ಜಿಲ್ಲಾ ಮಟ್ಟಕ್ಕೆ ಹೋಗುತ್ತಿದ್ದಳು.

ಇದರ ದೊಡ್ಡ ಉದಾಹರಣೆ ಅಮೆರಿಕದ ಸೆಕ್ರೆಟೇರಿಯಟ್ ಎಂಬ ಕುದುರೆ. 1973ರ ಕೆಂಟಕಿ ಡರ್ಬಿ, ಸುಮಾರು 2000 ಮೀಟರ್. ಅದನ್ನು ಐದು ಭಾಗ ಮಾಡಿ ನೋಡಿದರೆ, ಪ್ರತಿ ಭಾಗವನ್ನೂ ಹಿಂದಿನ ಭಾಗಕ್ಕಿಂತ ಬೇಗ ಓಡಿದೆ. ಮೊದಲನೆಯದು 25 ಸೆಕೆಂಡಿಗೆ ಸ್ವಲ್ಪ ಮೇಲೆ, ಕೊನೆಯದು 23. ಒಟ್ಟು 1 ನಿಮಿಷ 59.4 ಸೆಕೆಂಡ್. ಆ ರೇಸಿನ ದಾಖಲೆ ಈಗಲೂ ಅದೇ. ಅದರ ಟೈಮ್‌ಗಳನ್ನು ಓದುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಮತ್ತೆ ಬುಕ್‌ಗೆ ಬರೋಣ. ಇದರ ಅತಿ ಒಳ್ಳೆಯ ಗುಣ ಷರಾ. "ಸಲೀಸು", "ಒತ್ತಿ ಓಡಿಸಿದರು", "ಕೊನೆಯಲ್ಲಿ ಹಿಡಿದರು", "ಗೇಟಿನಿಂದ ಚೆನ್ನಾಗಿ ಹಾರಿತು". ಎರಡು ಮೂರು ಪದ ಅಷ್ಟೆ, ಆದರೆ ಪಕ್ಕದ ಅಂಕಿಗೆ ಅರ್ಥ ಬರುವುದೇ ಅದರಿಂದ. ಜಾಕಿ ಕೈ ಆಡಿಸದೆ 39 ಬಂದದ್ದೂ ಚಾಟಿ ತೋರಿಸಿ 39 ಬಂದದ್ದೂ ಒಂದೇ ಅಲ್ಲ. ಅಮೆರಿಕದಲ್ಲಿ ಇದನ್ನೇ ಒಂದೊಂದು ಅಕ್ಷರದಲ್ಲಿ ಟೈಮ್ ಪಕ್ಕ ಮುದ್ರಿಸುತ್ತಾರೆ. ನಮ್ಮ ಬುಕ್‌ನ ಷರಾ ಅದಕ್ಕಿಂತ ಜಾಸ್ತಿ ಹೇಳುತ್ತದೆ. ಜೋಡಿಯಾಗಿ ಓಡಿಸಿದ್ದರೆ ಅದನ್ನೂ ಬರೆಯುತ್ತಾರೆ, "ಮೊದಲನೆಯದು ಎರಡು ಲೆಂಗ್ತ್ ಮುಂದೆ" ಅಂತ. ಆಗ ನಾನು ಟೈಮ್ ಬಿಟ್ಟು ಜೊತೆಗಾರ ಯಾರು ಅಂತ ನೋಡುತ್ತೇನೆ. ಇನ್ನೂ ರೇಸ್ ಓಡದ ಒಂದು ಹೆಣ್ಣು ಮರಿ, ಹಲವು ರೇಸ್ ಗೆದ್ದ ಕುದುರೆಯ ಪಕ್ಕದಲ್ಲಿ ಸರಿಸಮ ಬಂದಿದ್ದರೆ, ಟೈಮ್ ಸಾಧಾರಣ ಇದ್ದರೂ ಆ ಸಾಲು ಚಿನ್ನ.

ಇನ್ನೊಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಕಳೆದ ಕೆಲವು ವಾರಗಳ ವರ್ಕ್‌ಗಳನ್ನು ತಾರೀಕಿನ ಸಮೇತ ಒಂದರ ಕೆಳಗೆ ಒಂದು ಕೊಡುತ್ತಾರೆ. ಹೊಸಬರು ಮೇಲಿನ ಸಾಲು ಮಾತ್ರ ಓದುತ್ತಾರೆ. ದಯವಿಟ್ಟು ತಾರೀಕು ಓದಿ. ವಾರಕ್ಕೊಂದರಂತೆ ತಪ್ಪದೆ ಬಂದ ಕುದುರೆ ಆರೋಗ್ಯವಾಗಿದೆ. ನಡುವೆ ಮೂರು ವಾರ ಖಾಲಿ ಇದ್ದರೆ ಏನೋ ಆಗಿದೆ. ಕೆಮ್ಮು ಇರಬಹುದು, ಕಾಲುನೋವು ಇರಬಹುದು. ವೇಗದ ಕೆಲಸ ಹಂತ ಹಂತವಾಗಿ ಬಿದ್ದರೆ ಕುದುರೆಯ ಮುಂಗಾಲಿನ ಮೂಳೆ ಅದಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಒಮ್ಮೆಲೇ ಜಾಸ್ತಿಯಾದರೆ, ಅದರಲ್ಲೂ ಎರಡು ವರ್ಷದ ಮರಿಗಳಲ್ಲಿ, ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ. ಹೀಗೆ ನಡುವೆ ಖಾಲಿ ಬಿದ್ದ ಕುದುರೆ ಮರಳಿ ಬಂದ ವಾರವೇ ಭರ್ಜರಿ ಟೈಮ್ ಮಾಡಿದ್ದರೆ ನನಗೆ ಖುಷಿಯಾಗುವುದಿಲ್ಲ, ಅದರ ಕಾಲಿನ ಚಿಂತೆಯಾಗುತ್ತದೆ.

ಈಗ ದೂರುಗಳು.

ಮೊದಲನೆಯದು ಆ ನಕ್ಷತ್ರವೇ. ದಿನದ ಅತಿ ಬೇಗದ ಟೈಮ್‌ಗೆ ಮುಖಪುಟದಲ್ಲಿ ದೊಡ್ಡ ಅಕ್ಷರ. 2006ರಲ್ಲಿ ಫ್ಲೋರಿಡಾದ ಒಂದು ಹರಾಜಿನಲ್ಲಿ ದಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಮರಿ ಒಂದು ಫರ್ಲಾಂಗ್, ಅಂದರೆ ಸುಮಾರು 200 ಮೀಟರ್, 9.8 ಸೆಕೆಂಡಿನಲ್ಲಿ ಓಡಿತು. 1.6 ಕೋಟಿ ಡಾಲರಿಗೆ ಮಾರಾಟವಾಯಿತು. ಆಮೇಲೆ ಮೂರೇ ರೇಸ್ ಓಡಿ ಒಂದೂ ಗೆಲ್ಲಲಿಲ್ಲ. ಅಷ್ಟು ದುಡ್ಡಿದ್ದವರಿಗೇ ಒಂದು ಟೈಮ್ ಏನೂ ಹೇಳಲಿಲ್ಲ. ಇನ್ನು ಬಸ್ ಚಾರ್ಜ್ ಉಳಿಸಿ ಬರುವ ನಮ್ಮ ಜನಕ್ಕೆ ನಕ್ಷತ್ರ ತೋರಿಸಿ ದಾರಿ ತಪ್ಪಿಸುವುದು ಸರಿಯಲ್ಲ.

ಎರಡನೆಯದು ಟ್ರ್ಯಾಕ್ ವಿಚಾರ. ಮೈಸೂರಲ್ಲಿ ಓಡುವ ಎಷ್ಟೋ ಕುದುರೆಗಳು ಬೆಂಗಳೂರಿನಲ್ಲೇ ತಯಾರಾಗಿ ಬರುತ್ತವೆ. ಅಲ್ಲಿ ಒಳ ಮರಳಿನ ಟ್ರ್ಯಾಕ್ ಬೇರೆ, ಹೊರ ಮರಳಿನದು ಬೇರೆ. ಹೊರಗಿನದರಲ್ಲಿ 600ಕ್ಕೆ 43 ಆದರೂ ಚೆನ್ನಾಗಿರಬಹುದು, ಒಳಗಿನದರಲ್ಲಿ ಅದೇ 43 ಬರೀ ಕೈಕಾಲು ಸಡಿಲ ಮಾಡಿದ ಓಟ. ಈ ಬುಕ್‌ನಲ್ಲಿ ಒಂದೊಂದು ಸಲ ಟ್ರ್ಯಾಕ್ ಯಾವುದು ಅಂತಲೇ ಬರೆಯದೆ ಬೆಂಗಳೂರು, ಮೈಸೂರು ಎರಡನ್ನೂ ಕಲಸಿ ಹಾಕಿರುತ್ತಾರೆ. ಮಳೆ ಬಿದ್ದ ಮಾರನೇ ದಿನದ ಟೈಮ್ ಅಂತ ಗುರುತೂ ಇರುವುದಿಲ್ಲ. ಅಮೆರಿಕದಲ್ಲಿ ಒಳಗಿನ ಕಂಬಿಯ ಹತ್ತಿರ ಅಡ್ಡ ಇಟ್ಟು ಕುದುರೆಯನ್ನು ದೂರದಿಂದ ಓಡಿಸಿದ್ದರೆ, ಅದಕ್ಕೂ ಒಂದು ಗುರುತು ಇದೆ. ದೂರ ಹೋದ ಕುದುರೆ ಹೆಚ್ಚು ನೆಲ ಓಡಿರುತ್ತದೆ ಅಲ್ವಾ?

ಮೂರನೆಯದು ಸವಾರ. ರೇಸಿನ ದಿನ ಕುದುರೆ ಹೊರುವ ತೂಕ ಸಾಮಾನ್ಯವಾಗಿ 50ರಿಂದ 60 ಕೆಜಿ ಒಳಗೆ. ಬೆಳಿಗ್ಗೆ ಅದರ ಮೇಲೆ ಕೂತವನು ಜಾಕಿಯೋ, ಅಭ್ಯಾಸಕ್ಕೆ ಮಾತ್ರ ಕೂರುವ ಭಾರದ ರೈಡಿಂಗ್ ಬಾಯೋ? ಒಮ್ಮೊಮ್ಮೆ ಬರೆಯುತ್ತಾರೆ, ಒಮ್ಮೊಮ್ಮೆ ಬಿಡುತ್ತಾರೆ. ರೇಸಿನಲ್ಲಿ ಕೂರಬೇಕಾದ ಜಾಕಿಯೇ ಬೆಳಿಗ್ಗೆ ಬಂದು ಗ್ಯಾಲಪ್ (ವೇಗದ ಓಟ) ಮಾಡಿಸಿದ್ದರೆ ಅದು ಓದುವವರಿಗೆ ದೊಡ್ಡ ಸುದ್ದಿ. ಅದನ್ನು ಹೇಗೆ ಬಿಡುತ್ತೀರಿ?

ಮುದ್ರಣದ ತಪ್ಪು ಸಣ್ಣದು, ಆದರೂ ಹೇಳುತ್ತೇನೆ. ಹೋದ ಸೀಸನ್‌ನಲ್ಲಿ ಒಂದೇ ವರ್ಕ್ ಎರಡು ತಾರೀಕಿನಡಿ ಬಂದಿತ್ತು. ಮಬ್ಬು ಬೆಳಕಿನಲ್ಲಿ ಒಂದೇ ಬಣ್ಣದ ಕುದುರೆಗಳನ್ನು ಗುರುತು ಹಿಡಿದು, ಕೈಯಲ್ಲೇ ವಾಚ್ ಒತ್ತುವವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಜಪಾನಿನ ರಿಟ್ಟೊ, ಮಿಹೊ ತರಬೇತಿ ಕೇಂದ್ರಗಳ ಏರು ಟ್ರ್ಯಾಕಿನಲ್ಲಿ ಟೈಮ್ ಯಂತ್ರವೇ ಬರೆದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಬೆಳಗಿನ ಅಭ್ಯಾಸದ ಅಧಿಕೃತ ಟೈಮ್ ಪ್ರಕಟಿಸುವ ಪದ್ಧತಿಯೇ ಇಲ್ಲ. ನಮ್ಮಲ್ಲಿ ಇಷ್ಟಾದರೂ ಸಿಗುತ್ತಿದೆ, ಅದಕ್ಕೆ ಕಾರಣ ನಸುಕಿಗೆ ಎದ್ದು ಟ್ರ್ಯಾಕ್ ಪಕ್ಕ ನಿಲ್ಲುವ ಆ ಕೆಲವು ಜನ. ಅವರ ಬಗ್ಗೆ ನನಗೆ ತುಂಬ ಗೌರವ.

ಬುಕ್‌ನಲ್ಲಿ ಸಿಗದ ಸಂಗತಿಯೂ ಒಂದಿದೆ. ಗ್ಯಾಲಪ್ ಮುಗಿಸಿದ ಕುದುರೆಯ ಉಸಿರು ಎಷ್ಟು ಬೇಗ ಹದಕ್ಕೆ ಬಂತು ಅನ್ನುವುದು. ಕುದುರೆ ಮೂಗಿನಿಂದ ಮಾತ್ರ ಉಸಿರಾಡುತ್ತದೆ, ಗ್ಯಾಲಪ್‌ನಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಓಟದ ನಂತರ ಹೊಟ್ಟೆ ಎಷ್ಟು ಹೊತ್ತು ಏಳುತ್ತಾ ಬೀಳುತ್ತಾ ಇತ್ತು ಅಂತ ಟ್ರೈನರ್ ನೋಡುತ್ತಾರೆ. ಇದನ್ನು ನಾವು ರೇಸಿನ ದಿನ ಪ್ಯಾಡಾಕ್ (ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗ) ಹತ್ತಿರ ಕಣ್ಣಾರೆ ಸ್ವಲ್ಪವಾದರೂ ನೋಡಬಹುದು. ಬುಕ್ ಮಡಚಿ ಜೇಬಿಗಿಟ್ಟು ಕುದುರೆ ನೋಡಿ.

ದಸರಾ ಹೊತ್ತಿನ ರೇಸ್‌ಗೆ ಮೊದಲ ಸಲ ಬರುವವರು ಬುಕ್ ಹಿಂದಿನ ಸಂಜೆಯೇ ತೆಗೆದುಕೊಳ್ಳಿ, ಬೆಳಿಗ್ಗೆ ಹನ್ನೊಂದಕ್ಕೆಲ್ಲ ಖಾಲಿಯಾಗುತ್ತದೆ. ಜೊತೆಗೊಂದು ಪೆನ್ಸಿಲ್ ಇರಲಿ, ಹಿಂದಿನ ಪುಟಗಳ ಕಾಗದದ ಮೇಲೆ ಪೆನ್ನಿನ ಇಂಕು ಹರಡುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಪ್ರತಿ ಸಾಲಿನಲ್ಲೂ ಟ್ರ್ಯಾಕ್ ಮತ್ತು ಸವಾರನ ಹೆಸರು ಹಾಕಿದರೆ ನಾಲ್ಕೂವರೆ.