ಒಂತಾ, ಮಶಿಕೊ: ಸೋರುವ ಹೂದಾನಿಗೇ ನನ್ನ ಮತ

ನಾವಿರುವುದು ಟೋಕಿಯೋದಲ್ಲಿ. ಮನೆಯಲ್ಲಿ ಜಪಾನಿನ ಜಾನಪದ ಕುಂಬಾರಿಕೆಯ ಎರಡು ಹೂದಾನಿಗಳಿವೆ. ಒಂದು ಕ್ಯೂಶೂ ದ್ವೀಪದ ಒಂತಾ ಹಳ್ಳಿಯದು, ಇನ್ನೊಂದು ತೊಚಿಗಿ ಪ್ರಾಂತದ ಮಶಿಕೊದ್ದು. ಒಂತಾದ್ದು ಸೋರುತ್ತದೆ. ಆದರೂ ಯಾರಾದರೂ ಕೇಳಿದರೆ ಅದನ್ನೇ ಕೊಳ್ಳಿ ಎನ್ನುತ್ತೇನೆ.

ಸೋರುವ ತಾಪತ್ರಯವನ್ನು ಮೊದಲು ಹೇಳಿಬಿಡುತ್ತೇನೆ. ರಾತ್ರಿ ನೀರು ತುಂಬಿ ಸೇವಂತಿಗೆ ಇಟ್ಟರೆ ಬೆಳಗ್ಗೆ ಮರದ ಕಪಾಟಿನ ಮೇಲೆ ದುಂಡನೆಯ ಒದ್ದೆ ಕಲೆ. ಬಿರುಕು ಎಲ್ಲೂ ಇಲ್ಲ. ಪಾದದ ಸುತ್ತ ಗಾಜಿನಂಥ ಮೆರುಗು ಹಚ್ಚಿಲ್ಲ, ಬರೀ ಸುಟ್ಟ ಮಣ್ಣು. ನೀರು ಅಲ್ಲಿಂದ ಜಿನುಗುತ್ತದೆ. ಅಂಗಡಿಯವರನ್ನು ಕೇಳಿದರೆ ‘ಮಣ್ಣಿನದಲ್ಲವೇ’ ಎಂದು ನಕ್ಕರು. ಇದಕ್ಕೆ ಇಲ್ಲಿ ಹಳೆಯ ಮದ್ದೊಂದಿದೆ: ಅಕ್ಕಿ ತೊಳೆದ ನೀರಿನಲ್ಲಿ ಪೂರ್ತಿ ಮುಳುಗಿಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಅದರಲ್ಲೇ ಆರಲು ಬಿಡಬೇಕು. ಪಿಷ್ಟ ರಂಧ್ರಗಳಲ್ಲಿ ಕೂತು ಮುಚ್ಚುತ್ತದೆ. ತಣ್ಣನೆಯ ನೀರಿನಿಂದಲೇ ಶುರು ಮಾಡಬೇಕು, ಕುದಿಯುವುದಕ್ಕೆ ಇಳಿಬಿಟ್ಟರೆ ಒಡೆಯುವ ಭಯ. ಹೂದಾನಿ ಮುಳುಗುವಂಥ ಪಾತ್ರೆ ನಮ್ಮಲ್ಲಿದ್ದದ್ದು ಹಬ್ಬದ ಪಾಯಸದ ತಪ್ಪಲೆಯೊಂದೇ. ಅದನ್ನು ಕೊಡಿಸಿಕೊಳ್ಳಲು ನಡೆದ ಸಂಧಾನ ಬೇರೆಯದೇ ಕಥೆ. ಇಷ್ಟಾದ ಮೇಲೂ ಜಿನುಗು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಸರಿಯಾಗಿ ಒಣಗಿಸದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಈಗ ಅಡಿಗೊಂದು ತಟ್ಟೆ ಇಟ್ಟಿದ್ದೇನೆ.

ಮಶಿಕೊ ಹೂದಾನಿ ಒಂದು ಹನಿಯನ್ನೂ ಬಿಡುವುದಿಲ್ಲ. ಕಾಕಿ (ಪರ್ಸಿಮನ್) ಹಣ್ಣಿನ ಹೆಸರಿನ ಅದರ ಕಂದು ಮೆರುಗು ಗಂಭೀರವಾಗಿದೆ. ಬೆಲೆಯೂ ಅಷ್ಟೇ ಗಂಭೀರ, ಒಂತಾದ್ದರ ಎರಡರಷ್ಟು. ಮಶಿಕೊಗೆ ಹೆಸರು ತಂದ ಕುಂಬಾರ ಹಮಾದಾ ಶೋಜಿ ಅಲ್ಲಿ ಮಾಡಿದ ತಮ್ಮ ಪಾತ್ರೆಗಳಿಗೆ ಸಹಿ ಹಾಕುತ್ತಿರಲಿಲ್ಲ. ನನ್ನದರ ತಳದಲ್ಲಿ ಮಾತ್ರ ಸಹಿ ಇದೆ, ಬಿಲ್ಲಿನಲ್ಲಿ ಅದರ ಪಾಲೂ ಇದೆ. ಬಾಯಿ ಬೇರೆ ಅಗಲ. ನಾನು ಇಡುವುದು ಒಂದೇ ರೆಂಬೆ, ಅದು ಪಕ್ಕಕ್ಕೆ ವಾಲಿ ಮಲಗುತ್ತದೆ.

ಒಂತಾದ ಕೊರಳು ಕಿರಿದು, ರೆಂಬೆ ನೆಟ್ಟಗೆ ನಿಲ್ಲುತ್ತದೆ. 1705ರಿಂದ ಅಲ್ಲಿ ತಂದೆಯಿಂದ ಮಗನಿಗೆ ಕಸುಬು ಸಾಗಿಬಂದಿದೆ. ಮಣ್ಣು ಕುಟ್ಟುವುದು ಇಂದಿಗೂ ಹಳ್ಳದ ನೀರಿನ ಬಲದಿಂದ ಏಳುವ ಮರದ ಒನಕೆ. ಬಿಳಿ ಮಣ್ಣು ಬಳಿದು, ಚಕ್ರದ ಮೇಲೆ ತಿರುಗುವ ಪಾತ್ರೆಗೆ ತೆಳು ಉಕ್ಕಿನ ಪಟ್ಟಿ ತಾಗಿಸಿ ಕುಪ್ಪಳಿಸಲು ಬಿಡುತ್ತಾರೆ. ಬೀಸುವ ಕಲ್ಲಿಗೆ ಉಳಿ ಹೊಡೆದಂತೆ ಸಾಲುಸಾಲು ಗುರುತು ಬೀಳುತ್ತದೆ. ಕುಂಬಾರನ ಹೆಸರಿಲ್ಲ.

ವಾರಗಟ್ಟಲೆ ಮನೆ ಬಿಟ್ಟು ಹೋಗುವವರು, ದುಬಾರಿ ಮರದ ಮೇಜಿರುವವರು ಮಶಿಕೊ ಕೊಳ್ಳಲಿ. ನಮ್ಮ ಮಶಿಕೊ ಅಡುಗೆಮನೆ ಸೇರಿದೆ. ಸೌಟು, ಮಗುಚುವ ಕೈ ನಿಲ್ಲಿಸಲು ಆ ಬಾಯಿ ಹೇಳಿ ಮಾಡಿಸಿದಂತಿದೆ.