ಮಂಡಿ ಕೀಲು ಬದಲಾಯಿಸಿದ ಮೇಲೂ ಉಳಿದ ನೋವು: ನಾನು ಬಳಸಿ ನೋಡಿದ ಉಪಾಯಗಳ ಹೋಲಿಕೆ

ಮಂಡಿ ಕೀಲು ಬದಲಾಯಿಸಿಕೊಂಡವರಲ್ಲಿ ಹೆಚ್ಚಿನವರು ಕೆಲವು ತಿಂಗಳುಗಳಲ್ಲಿ ಹಳೆಯ ನೋವನ್ನು ಮರೆತು ಓಡಾಡತೊಡಗುತ್ತಾರೆ. ಆದರೆ ಸರಿಸುಮಾರು ಐವರಲ್ಲಿ ಒಬ್ಬರಿಗೆ, ಗಾಯ ಮಾಗಿ, ಕೃತಕ ಕೀಲು ಸರಿಯಾಗಿ ಕೂತಿದೆ ಎಂದು ಎಕ್ಸ್‌ರೇಯಲ್ಲಿ ಕಂಡ ಮೇಲೂ, ನೋವು ಬಿಟ್ಟು ಹೋಗುವುದಿಲ್ಲ. ನಾನು ಆ ಐದನೆಯವರ ಸಾಲಿಗೆ ಸೇರಿದವಳು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದ ಮೇಲೂ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದೇ ಪರಿಗಣಿಸುತ್ತಾರೆ. ಆ ಗಡಿ ದಾಟಿದ ಬಳಿಕ ನಾನು ಒಂದೊಂದಾಗಿ ಬಳಸಿ ನೋಡಿದ ಉಪಾಯಗಳನ್ನು ಇಲ್ಲಿ ಎದುರುಬದುರು ಇಟ್ಟು ಹೇಳುತ್ತಿದ್ದೇನೆ. ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳುವ ಮೊದಲು ಯಾವ ನೋವಿಗೆ ಎಂದು ಕೇಳಬೇಕು ಎನ್ನುವುದು ನನ್ನ ಅನುಭವದ ಮುಖ್ಯ ಮಾತು.

ಹೋಲಿಕೆಗೆ ಇಳಿಯುವ ಮುನ್ನ ಆಗಲೇಬೇಕಾದ ಕೆಲಸವೊಂದಿದೆ. ನೋವಿಗೆ ಸರಿಪಡಿಸಬಹುದಾದ ಕಾರಣ ಇದೆಯೇ ಎಂದು ಶಸ್ತ್ರವೈದ್ಯರು ಪರೀಕ್ಷಿಸಿ ಹೇಳಬೇಕು. ಕೀಲಿನೊಳಗೆ ಸೋಂಕು ಇರಬಹುದು, ಕೃತಕ ಭಾಗ ಸಡಿಲಗೊಂಡಿರಬಹುದು, ಮಂಡಿಚಿಪ್ಪು ತನ್ನ ಜಾಡಿನಲ್ಲಿ ಸರಿಯಾಗಿ ಜಾರದೆ ಇರಬಹುದು. ಕೆಲವೊಮ್ಮೆ ಸೊಂಟದ ಕೀಲಿನ ಸವೆತವೋ ಬೆನ್ನುಮೂಳೆಯಲ್ಲಿ ಅದುಮಿದ ನರವೋ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ. ಸೋಂಕಿನ ಸುಳಿವಿಗಾಗಿ, ದೇಹದಲ್ಲಿ ಉರಿಯೂತವಿದ್ದರೆ ಏರುವ ಸಿಆರ್‌ಪಿ ಮತ್ತು ಇಎಸ್ಆರ್ ಎಂಬ ಎರಡು ಅಳತೆಗಳನ್ನು ರಕ್ತದಲ್ಲಿ ನೋಡುತ್ತಾರೆ. ಅನುಮಾನ ಉಳಿದರೆ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ನನ್ನ ವಿಷಯದಲ್ಲಿ ಇವೆಲ್ಲ ಸರಿಯಾಗಿಯೇ ಬಂದವು. ಆದ್ದರಿಂದ ಮುಂದೆ ಬರೆದಿರುವುದು ಅಂಥ ಕಾರಣಗಳಿಲ್ಲವೆಂದು ಖಚಿತವಾದವರಿಗೆ ಮಾತ್ರ ಅನ್ವಯಿಸುತ್ತದೆ.

ನನ್ನ ಫಿಸಿಯೋಥೆರಪಿಸ್ಟ್ ನೋವಿನ ದಿನಚರಿ ಬರೆಯಲು ಹೇಳಿದ್ದರು. ಎಷ್ಟು ನೋವು ಎನ್ನುವುದಕ್ಕಿಂತ ಎಲ್ಲಿ, ಯಾವಾಗ, ಎಂಥ ನೋವು ಎಂದು ಬರೆದದ್ದು ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ನಾನು ಒಂದೇ ಎಂದುಕೊಂಡಿದ್ದ ನೋವು ಮೂರು ಬೇರೆ ಬೇರೆ ನೋವುಗಳಾಗಿತ್ತು. ಮೊದಲನೆಯದು ಹೆಚ್ಚು ಓಡಾಡಿದ ದಿನ ಸಂಜೆ ಮಂಡಿ ಬಿಸಿಯಾಗಿ, ಊದಿಕೊಂಡು, ಸುತ್ತಲೂ ಬಿಗಿಪಟ್ಟಿ ಕಟ್ಟಿದಂತಾಗುವ ನೋವು. ಎರಡನೆಯದು ಹೊಲಿಗೆಯ ಗುರುತಿನ ಆಸುಪಾಸಿನಲ್ಲಿ ರಾತ್ರಿ ಕಾಡುವ ಉರಿ ಮತ್ತು ಚುಳುಕು, ಹೊದಿಕೆ ತಗುಲಿದರೂ ಸಹಿಸಲಾಗದ ಬಗೆಯದು. ಮೂರನೆಯದು ತೊಡೆಯ ಮುಂಭಾಗ ಮತ್ತು ಮಂಡಿಯ ಹಿಂದಿನ ಸ್ನಾಯುಗಳ ಸೆಳೆತ. ಇದು ಬೆಳಿಗ್ಗೆ ಏಳುವಾಗ ಮತ್ತು ಬಹಳ ಹೊತ್ತು ಕುಳಿತು ಮೇಲೆದ್ದಾಗ ಹಿಡಿಯುತ್ತಿತ್ತು.

ತಂಪು ಮತ್ತು ಶಾಖ ಇವೆರಡರ ನಡುವೆ ಯಾವುದು ಒಳ್ಳೆಯದೆಂಬ ವಾದ ರೋಗಿಗಳ ನಡುವೆ ಮುಗಿಯುವುದೇ ಇಲ್ಲ. ನನ್ನ ಮಟ್ಟಿಗೆ ಇವು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ. ಸಂಜೆಯ ಊತದ ನೋವಿಗೆ ಐಸ್ ಪ್ಯಾಕ್‌ನಷ್ಟು ಬೇಗ ಫಲ ಕೊಟ್ಟದ್ದು ಬೇರೊಂದಿಲ್ಲ. ತಂಪು ರಕ್ತನಾಳಗಳನ್ನು ಕುಗ್ಗಿಸುತ್ತದೆ, ನೋವಿನ ಸಂಕೇತ ನರಗಳಲ್ಲಿ ಸಾಗುವ ವೇಗವನ್ನೂ ತಗ್ಗಿಸುತ್ತದೆ. ತೆಳುವಾದ ಬಟ್ಟೆ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಕಾಲನ್ನು ಹೃದಯದ ಮಟ್ಟಕ್ಕಿಂತ ಮೇಲೆ ಚಾಚಿ ಮಲಗಿದರೆ ಬಿಗಿತ ಸಡಿಲಾಗುವುದು ಅರಿವಿಗೆ ಬರುತ್ತದೆ. ಇಲ್ಲಿ ಒಂದು ಅಪಾಯವನ್ನು ಎಲ್ಲರೂ ತಿಳಿದಿರಬೇಕು. ಮಂಡಿಯ ಮುಂಭಾಗದಲ್ಲಿ ಕೊಯ್ಯುವಾಗ ಚರ್ಮಕ್ಕೆ ಹೋಗುವ ಒಂದು ಸಣ್ಣ ನರದ ಕವಲುಗಳು ಕತ್ತರಿಸಿ ಹೋಗುವುದು ಸಾಮಾನ್ಯ. ಅದರಿಂದ ಹೊಲಿಗೆಯ ಹೊರಬದಿಯಲ್ಲಿ ಅಂಗೈಯಗಲದ ಜಾಗ ಮರಗಟ್ಟಿರುತ್ತದೆ. ಆ ಜಾಗಕ್ಕೆ ಮಂಜುಗಡ್ಡೆ ಅತಿಯಾದದ್ದು ತಿಳಿಯುವುದಿಲ್ಲ, ಬಿಸಿನೀರಿನ ಚೀಲ ಸುಡುತ್ತಿರುವುದೂ ತಿಳಿಯುವುದಿಲ್ಲ. ನಾನು ಆಗಾಗ ಚೀಲವನ್ನು ಎತ್ತಿ, ಅಲ್ಲಿನ ಚರ್ಮದ ಬಣ್ಣವನ್ನು ಕಣ್ಣಿನಿಂದ ನೋಡಿ, ಕೈಯ ಹಿಂಬದಿಯಿಂದ ಮುಟ್ಟಿ ಖಚಿತಪಡಿಸಿಕೊಳ್ಳುತ್ತೇನೆ.

ಶಾಖವನ್ನು ನಾನು ಮಂಡಿಯ ಮೇಲೆ ಇಡುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮಂಡಿ ಹಲವು ತಿಂಗಳ ಕಾಲ ತಾನೇ ತುಸು ಬಿಸಿಯಾಗಿರುತ್ತದೆ, ಅದರ ಮೇಲೆ ಇನ್ನಷ್ಟು ಬಿಸಿ ಇಟ್ಟಾಗಲೆಲ್ಲ ನನ್ನ ಊತ ಹೆಚ್ಚಿತು. ಆದರೆ ತೊಡೆಯ ಮೇಲೆ ಮತ್ತು ಮಂಡಿಯ ಹಿಂದಿನ ಸ್ನಾಯುಗಳ ಮೇಲೆ, ವ್ಯಾಯಾಮಕ್ಕೆ ಮುಂಚೆ ಹದವಾದ ಶಾಖ ಕೊಟ್ಟರೆ, ಬೆಳಗಿನ ಸೆಳೆತಕ್ಕೆ ಅದು ಐಸ್‌ಗಿಂತ ಎಷ್ಟೋ ಮೇಲು. ಮನೆಯ ಬಿಸಿನೀರಿನ ಚೀಲ ಸಾಕು. ವಿದ್ಯುತ್ ತರಂಗಗಳಿಂದ ಒಳಗೆ ಆಳವಾಗಿ ಬಿಸಿ ಹುಟ್ಟಿಸುವ ಡಯಾಥರ್ಮಿ ಯಂತ್ರವನ್ನು ಮಾತ್ರ ಲೋಹದ ಕೀಲಿರುವ ಕಾಲಿಗೆ ಬಳಸಬಾರದು. ಚಿಕಿತ್ಸೆ ಕೊಡುವವರು ಕೇಳದಿದ್ದರೂ ನಾವೇ ಮುಂದಾಗಿ, ಒಳಗೆ ಲೋಹವಿದೆ ಎಂದು ಹೇಳುವುದು ಕ್ಷೇಮ.

ಮಾತ್ರೆಗಳ ವಿಷಯದಲ್ಲಿ ಪ್ಯಾರಾಸಿಟಮಾಲ್ ನನಗೆ ಸೌಮ್ಯ ಆಸರೆಯಾಯಿತೇ ಹೊರತು ಪರಿಹಾರವಾಗಲಿಲ್ಲ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಅದರ ಮೇಲ್ಮಿತಿ. ನೆಗಡಿ ಜ್ವರದ ಎಷ್ಟೋ ಮಾತ್ರೆಗಳಲ್ಲೂ ಅದೇ ಔಷಧಿ ಇರುವುದರಿಂದ ಲೆಕ್ಕ ತಪ್ಪುವುದು ಸುಲಭ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಉರಿಯೂತ ತಗ್ಗಿಸುವ ಮಾತ್ರೆಗಳು ಊತದ ನೋವಿಗೆ ಪ್ಯಾರಾಸಿಟಮಾಲ್‌ಗಿಂತ ನಿಸ್ಸಂಶಯವಾಗಿ ಬಲವಾದವು. ಆದರೆ ಅವು ಜಠರದ ಒಳಪೊರೆಗೆ, ಮೂತ್ರಪಿಂಡಕ್ಕೆ, ರಕ್ತದೊತ್ತಡಕ್ಕೆ, ಹೃದಯಕ್ಕೆ ತೊಂದರೆ ಕೊಡಬಲ್ಲವು. ಮಂಡಿ ಬದಲಾಯಿಸಿಕೊಳ್ಳುವ ವಯಸ್ಸಿನವರಲ್ಲಿ ಇವುಗಳಲ್ಲಿ ಒಂದಲ್ಲ ಒಂದು ಮೊದಲೇ ದುರ್ಬಲವಾಗಿರುವುದು ಸಾಮಾನ್ಯ. ವೈದ್ಯರ ಒಪ್ಪಿಗೆಯಿಂದ ನಾನು ಅವುಗಳನ್ನು ನೋವು ಕೆರಳಿದ ದಿನಗಳಿಗೆಂದು ಮಾತ್ರ ಮೀಸಲಿಟ್ಟಿದ್ದೇನೆ. ಇನ್ನೂ ಬಲವಾದ ನೋವುನಿವಾರಕವಾದ ಟ್ರಮಡಾಲ್ ಮೊದಲ ವಾರಗಳಲ್ಲಿ ಬೇಕಾಗಿತ್ತು, ಆ ಮೇಲೆ ಅದರಿಂದ ಮಲಬದ್ಧತೆ ಮತ್ತು ತಲೆಸುತ್ತು ಉಳಿದವೇ ವಿನಾ ನೋವಿನ ಶಮನ ಉಳಿಯಲಿಲ್ಲ. ಹೊಸ ಮಂಡಿಯವರು ತಲೆಸುತ್ತಿ ಬೀಳುವುದು ಸಣ್ಣ ಮಾತಲ್ಲ, ಅಭ್ಯಾಸವಾಗಿಬಿಡುವ ಅಪಾಯವೂ ಅದರಲ್ಲಿದೆ.

ರಾತ್ರಿಯ ಉರಿ ಮತ್ತು ಚುಳುಕಿಗೆ ಇವು ಯಾವುವೂ ತಾಗಲಿಲ್ಲ. ಅದು ನರದ ನೋವು, ಅದರ ಔಷಧಿಗಳೇ ಬೇರೆ. ಪ್ರಿಗ್ಯಾಬಲಿನ್ ಮತ್ತು ಡುಲೊಕ್ಸೆಟಿನ್ ಎರಡನ್ನೂ ಬೇರೆ ಬೇರೆ ಸಮಯದಲ್ಲಿ ವೈದ್ಯರು ಕೊಟ್ಟು ನೋಡಿದರು. ಪ್ರಿಗ್ಯಾಬಲಿನ್‌ನಿಂದ ನಿದ್ದೆ ಚೆನ್ನಾಗಿ ಬಂತು, ಆದರೆ ಬೆಳಗಿನ ಮಂಪರು ಮಧ್ಯಾಹ್ನದವರೆಗೂ ಹರಿಯುತ್ತಿರಲಿಲ್ಲ. ಅದರ ಜೊತೆಗೆ ಪಾದ ಊದತೊಡಗಿತು, ಹೀಗಾಗಿ ಯಾವ ಊತ ಮಂಡಿಯದು, ಯಾವುದು ಔಷಧಿಯದು ಎಂದು ಹೇಳಲಾಗದ ಸ್ಥಿತಿ ಬಂತು. ಡುಲೊಕ್ಸೆಟಿನ್ ಮೂಲತಃ ಖಿನ್ನತೆಯ ಔಷಧಿ; 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ದೀರ್ಘಕಾಲದ ಮೂಳೆ ಮತ್ತು ಸ್ನಾಯುಗಳ ನೋವಿಗೂ ಬಳಸಲು ಒಪ್ಪಿತು. ಆರಂಭದಲ್ಲಿ ಹೊಟ್ಟೆ ತೊಳಸಿದರೂ ಕೆಲವು ವಾರಗಳ ನಂತರ ಉರಿ ಗಮನಾರ್ಹವಾಗಿ ತಗ್ಗಿದ್ದರಿಂದ, ನನ್ನ ಆಯ್ಕೆ ಇದೇ ಆಯಿತು. ಇದನ್ನು ಟ್ರಮಡಾಲ್ ಜೊತೆ ಸೇರಿಸುವುದು ಅಪಾಯಕಾರಿ. ಪ್ರಿಗ್ಯಾಬಲಿನ್ ಆಗಲಿ ಡುಲೊಕ್ಸೆಟಿನ್ ಆಗಲಿ, ಯಾವುದನ್ನೂ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಹಚ್ಚುವ ಔಷಧಿಗಳ ಪೈಕಿ ಲಿಡೊಕೇನ್ ಚರ್ಮವನ್ನು ಮರಗಟ್ಟಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೋವಿನ ನರತುದಿಗಳನ್ನು ಮೊದಲು ಕೆರಳಿಸಿ ಆ ಮೇಲೆ ಮಂಕಾಗಿಸುತ್ತದೆ. ಕ್ಯಾಪ್ಸೈಸಿನ್ ದಿನವೂ ಹಲವು ಬಾರಿ ಹಚ್ಚಿದರೆ ಮಾತ್ರ ಫಲ ಕಾಣುತ್ತದೆ, ಮೊದಲ ಕೆಲವು ದಿನಗಳ ಉರಿ ತಡೆದುಕೊಳ್ಳುವುದು ಕಷ್ಟ, ಕೈ ತೊಳೆಯದೆ ಕಣ್ಣು ಮುಟ್ಟಿದರೆ ಬೇರೆಯೇ ಸಂಕಟ. ನನಗೆ ಲಿಡೊಕೇನ್ ಹೆಚ್ಚು ಒಗ್ಗಿತು. ಇವೆರಡಕ್ಕಿಂತಲೂ ದೀರ್ಘ ಉಪಕಾರ ಮಾಡಿದ್ದು ಔಷಧಿಯೇ ಅಲ್ಲ: ಮಾಗಿದ ಹೊಲಿಗೆಯ ಸುತ್ತ ಮೊದಲು ಹತ್ತಿ, ಆ ಮೇಲೆ ಮೃದುವಾದ ಬಟ್ಟೆ, ಕೊನೆಗೆ ಒರಟು ಟವೆಲ್, ಹೀಗೆ ದಿನವೂ ತುಸು ಹೊತ್ತು ಸವರುತ್ತಾ ಹೋದದ್ದು. ಆರಂಭದಲ್ಲಿ ಹತ್ತಿಯ ಸ್ಪರ್ಶಕ್ಕೇ ಹಲ್ಲು ಕಚ್ಚಬೇಕಾಗಿತ್ತು. ಈಗ ಹೊದಿಕೆ ತಗುಲಿದರೆ ಎಚ್ಚರವಾಗುವುದಿಲ್ಲ.

ಟೆನ್ಸ್ ಯಂತ್ರದ ಬಗ್ಗೆ ಬಹಳ ಹೇಳಬೇಕಾದದ್ದಿಲ್ಲ. ಚರ್ಮಕ್ಕೆ ಅಂಟಿಸಿದ ಪಟ್ಟಿಗಳ ಮೂಲಕ ಹರಿಯುವ ಸಣ್ಣ ವಿದ್ಯುತ್ತು ಸ್ಪರ್ಶದ ನರಗಳನ್ನು ಚುರುಕುಗೊಳಿಸಿ, ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂಕೇತವನ್ನು ತಡೆಯುತ್ತದೆ ಎಂಬುದು ಅದರ ಹಿಂದಿನ ತರ್ಕ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ನೋವಿನ ಸಂಶೋಧಕರು ಮಂಡಿಸಿದ ಸಿದ್ಧಾಂತ ಇದಕ್ಕೆ ಆಧಾರ. ಯಂತ್ರ ನಡೆಯುತ್ತಿರುವಾಗಲೂ ನಿಂತ ಮೇಲೆ ಸ್ವಲ್ಪ ಹೊತ್ತೂ ನನಗೆ ನೋವು ಕಡಿಮೆಯಿರುತ್ತದೆ, ಅನಂತರ ಮೊದಲಿನಂತೆಯೇ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು, ಮರಗಟ್ಟಿದ ಚರ್ಮದ ಮೇಲೆ ಪಟ್ಟಿ ಅಂಟಿಸಬಾರದು.

ವ್ಯಾಯಾಮದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಉಳಿದೆಲ್ಲವೂ ನೋವನ್ನು ತಗ್ಗಿಸುತ್ತವೆ, ಕಾಲಿಗೆ ಶಕ್ತಿ ಮರಳಿಸುವುದು ಇದೊಂದೇ. ಆದರೆ ಎಲ್ಲ ವ್ಯಾಯಾಮವೂ ಮಂಡಿಗೆ ಒಂದೇ ಭಾರ ಹಾಕುವುದಿಲ್ಲ. ಅಳತೆಯ ಉಪಕರಣವನ್ನು ಒಳಗೇ ಜೋಡಿಸಿದ ಕೃತಕ ಕೀಲುಗಳಿಂದ ಸಂಶೋಧಕರು ಇದನ್ನು ನೇರವಾಗಿ ಅಳೆದಿದ್ದಾರೆ. ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ, ಮೆಟ್ಟಿಲು ಇಳಿಯುವಾಗ ಮೂರು ಪಟ್ಟನ್ನೂ ಮೀರುತ್ತದೆ, ಹಗುರವಾಗಿ ಸೈಕಲ್ ತುಳಿಯುವಾಗ ದೇಹತೂಕಕ್ಕಿಂತ ತುಸು ಮಾತ್ರ ಹೆಚ್ಚು. ನಡಿಗೆಯಿಂದ ಸಂಜೆಗೆ ಊದುತ್ತಿದ್ದ ಮಂಡಿ ಸ್ಥಿರ ಸೈಕಲ್‌ನಿಂದ ಅಷ್ಟಾಗಿ ಊದುತ್ತಿರಲಿಲ್ಲವೇಕೆ ಎಂಬುದು ಈ ಅಂಕಿಗಳನ್ನು ಓದಿದ ಮೇಲೆ ನನಗೆ ಅರ್ಥವಾಯಿತು. ಪೆಡಲ್ ಪೂರ್ತಿ ಸುತ್ತು ತಿರುಗಲು ಮಂಡಿ ಸಾಕಷ್ಟು ಮಡಚಬೇಕು; ಮಡಚದಿದ್ದಾಗ ಆಸನವನ್ನು ಎತ್ತರಿಸಿ, ಪೆಡಲನ್ನು ಅರ್ಧ ಸುತ್ತು ಹಿಂದೆ ಮುಂದೆ ಆಡಿಸುತ್ತಾ, ವಾರಗಳು ಕಳೆದಂತೆ ಆಸನವನ್ನು ಒಂದೊಂದೇ ತೂತು ಇಳಿಸುತ್ತಾ ಬಂದೆ. ನೀರಿನಲ್ಲಿ ನಡೆಯುವುದು ಇನ್ನೂ ಹಗುರ, ಸೊಂಟದವರೆಗಿನ ನೀರಿನಲ್ಲಿ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಕೊಳಕ್ಕೆ ಇಳಿದು ಹತ್ತುವ ಮೆಟ್ಟಿಲು, ಜಾರುವ ನೆಲ ಇವೆಲ್ಲ ನನಗೆ ಆತಂಕ ತಂದವು, ಹಾಗಾಗಿ ಅದನ್ನು ಮುಂದುವರಿಸಲಿಲ್ಲ. ಹತ್ತಿರದಲ್ಲಿ ಸುರಕ್ಷಿತವಾದ ಕೊಳವೂ ಜೊತೆಗೆ ಒಬ್ಬರೂ ಇರುವವರಿಗೆ ನಾನು ಅದನ್ನೇ ಮೊದಲು ಸೂಚಿಸುತ್ತೇನೆ.

ಎಷ್ಟು ಮಾಡಬೇಕು ಎನ್ನುವುದು ಏನು ಮಾಡಬೇಕು ಎನ್ನುವುದಕ್ಕಿಂತ ಕಠಿಣ ಪ್ರಶ್ನೆ. ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ, ಮುಂದಿನ ದಿನಗಳನ್ನು ಹಾಸಿಗೆಯಲ್ಲಿ ಕಳೆಯುವ ಕ್ರಮವನ್ನೂ, ಒಳ್ಳೆಯ ದಿನ ಕೆಟ್ಟ ದಿನ ಎನ್ನದೆ ನಿಗದಿಯಾದಷ್ಟೇ ಮಾಡುವ ಕ್ರಮವನ್ನೂ ಹೋಲಿಸಿದರೆ ಎರಡನೆಯದರಲ್ಲಿ ನೋವು ಕೆರಳುವುದು ಬಹಳ ಕಡಿಮೆ. ವ್ಯಾಯಾಮದ ನಂತರ ನೋವು ಹೆಚ್ಚಾಗಿ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಿದೆ ಎಂದೂ, ಇಳಿಯದಿದ್ದರೆ ಮುಂದಿನ ಬಾರಿ ತಗ್ಗಿಸಬೇಕೆಂದೂ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ನಿಯಮವನ್ನು ಈಗಲೂ ಪಾಲಿಸುತ್ತೇನೆ. ಕೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಬದಿಯಲ್ಲಲ್ಲ, ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಬದಲಾಯಿಸಿದ ಕಾಲು ಮೊದಲು. ದೂರ ಹೋಗುವ ದಿನ ಕೋಲು ಹಿಡಿದರೆ ಸಂಜೆಯ ಐಸ್ ಪ್ಯಾಕ್ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ನೋವನ್ನು ಬಗೆಬಗೆಯಾಗಿ ಬಿಡಿಸಿ ನೋಡುವ ಈ ಕ್ರಮಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಬ್ರಿಟನ್ನಿನಲ್ಲಿ, ಮಂಡಿ ಬದಲಾಯಿಸಿಕೊಂಡು ಮೂರು ತಿಂಗಳಾದರೂ ನೋವು ಉಳಿದಿದ್ದವರನ್ನು ತರಬೇತಾದ ಸಿಬ್ಬಂದಿ ವಿವರವಾಗಿ ಪರೀಕ್ಷಿಸಿ, ಕಾರಣಕ್ಕೆ ತಕ್ಕಂತೆ ಶಸ್ತ್ರವೈದ್ಯರಿಗೋ ಫಿಸಿಯೋಥೆರಪಿಗೋ ನೋವಿನ ತಜ್ಞರಿಗೋ ಕಳುಹಿಸಿ, ಆಮೇಲೆ ದೂರವಾಣಿಯಲ್ಲಿ ವಿಚಾರಿಸುತ್ತಾ ಬಂದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ, ಎಂದಿನ ಚಿಕಿತ್ಸೆ ಪಡೆದವರಿಗಿಂತ ಇವರ ನೋವು ಸಾಧಾರಣ ಪ್ರಮಾಣದಲ್ಲಿ ಕಡಿಮೆಯಿತ್ತು. ದೊಡ್ಡ ವ್ಯತ್ಯಾಸವಲ್ಲ, ಆದರೂ ನೋವಿನಲ್ಲಿರುವವರಿಗೆ ಸಣ್ಣ ವ್ಯತ್ಯಾಸವೂ ಒಂದು ರಾತ್ರಿಯ ನಿದ್ದೆ. ಎಲ್ಲವೂ ಸರಿಯಾಗಿದೆ, ನೋವು ಹೇಗೆ ಬರುತ್ತದೆ ಎಂದು ಕೇಳುವವರ ಮುಂದೆ ಕುಗ್ಗಿಹೋಗುವ ರೋಗಿಗಳನ್ನು ನಾನು ಬಲ್ಲೆ. ಎಕ್ಸ್‌ರೇ ಕೀಲನ್ನು ತೋರಿಸುತ್ತದೆ, ನರವನ್ನು ತೋರಿಸುವುದಿಲ್ಲ; ಅವರ ನೋವು ನಿಜವಾದದ್ದು.

ಇನ್ನು ಉಳಿದದ್ದು ಸೂಜಿ ಮತ್ತು ಎರಡನೆಯ ಶಸ್ತ್ರಚಿಕಿತ್ಸೆ. ಬದಲಾಯಿಸಿದ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುವುದನ್ನು ಸೋಂಕಿನ ಭಯದಿಂದ ಸಾಮಾನ್ಯವಾಗಿ ತಪ್ಪಿಸುತ್ತಾರೆ. ಮಂಡಿಯ ಸುತ್ತಲಿನ ಸಂವೇದನೆಯ ನರಗಳಿಗೆ ಮೊದಲು ಅರಿವಳಿಕೆ ಕೊಟ್ಟು ನೋಡಿ, ನೋವು ಇಳಿದರೆ ರೇಡಿಯೋ ತರಂಗಗಳ ಬಿಸಿಯಿಂದ ಆ ನರಗಳನ್ನು ಮಂಕಾಗಿಸುವ ಚಿಕಿತ್ಸೆಯಿದೆ. ಅದರ ಪರಿಣಾಮ ಕೆಲವು ತಿಂಗಳು ಉಳಿಯಬಹುದು, ನರ ಮತ್ತೆ ಬೆಳೆದಾಗ ನೋವು ಮರಳಬಹುದು. ಔಷಧಿ ಮತ್ತು ವ್ಯಾಯಾಮದಿಂದ ರಾತ್ರಿಗಳು ಸಹ್ಯವಾದ್ದರಿಂದ ನಾನು ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಎರಡನೆಯ ಶಸ್ತ್ರಚಿಕಿತ್ಸೆಯ ಬಗ್ಗೆ ನನ್ನ ಶಸ್ತ್ರವೈದ್ಯರ ಮಾತು ನೇರವಾಗಿತ್ತು: ಸಡಿಲತೆಯೋ ಸೋಂಕೋ ಕಂಡುಬಂದರೆ ಅದು ಅಗತ್ಯ, ಕಾರಣವೇ ಸಿಗದ ನೋವಿಗಾಗಿ ಕೀಲನ್ನು ಮತ್ತೆ ಬದಲಾಯಿಸಿದರೆ ನೋವು ಹೋಗುವ ಸಾಧ್ಯತೆ ಕಡಿಮೆ. ಆದರೆ ಆ ಪ್ರಶ್ನೆ ಶಾಶ್ವತವಾಗಿ ಮುಚ್ಚಿಲ್ಲ. ಮಂಡಿ ಹಠಾತ್ತನೆ ಕೆಂಪಾಗಿ ಊದಿಕೊಂಡರೆ, ಜ್ವರ ಬಂದರೆ, ಹೊಲಿಗೆಯಿಂದ ದ್ರವ ಒಸರಿದರೆ, ಕಾಲೂರಿದಾಗ ಮಂಡಿ ಕುಸಿದಂತಾದರೆ, ಅಥವಾ ತಗ್ಗಿದ್ದ ನೋವು ಹೊಸ ಸ್ವರೂಪದಲ್ಲಿ ಏರತೊಡಗಿದರೆ ತಡಮಾಡದೆ ಶಸ್ತ್ರವೈದ್ಯರ ಬಳಿ ಹೋಗಬೇಕು. ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು, ಆಗ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕು.