ಪಿಲಿಕುಳದಲ್ಲಿ ನಡೆಯುವುದಕ್ಕೇ ಒಂದು ದಿನ ಇಡಿ

ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ, ಅದಕ್ಕೇ ಪಿಲಿಕುಳ. ಮಂಗಳೂರಿನಿಂದ ವಾಮಂಜೂರಿಗೆ ಬಂದರೆ ಈ ನಿಸರ್ಗಧಾಮ ಅಲ್ಲಿಂದ ಹತ್ತಿರವೇ.

ಹೆಚ್ಚಿನವರು ಪ್ರಾಣಿಸಂಗ್ರಹಾಲಯ ನೋಡಿ ವಾಪಸ್ ಹೊರಡುತ್ತಾರೆ. ನನಗೆ ಇಷ್ಟವಾಗುವುದು ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿರುವ ಸಸ್ಯೋದ್ಯಾನ. ಕಳೆದ ಭಾನುವಾರ ಅಮ್ಮನ ಜೊತೆ ಹೋಗಿದ್ದೆ. ಅವರಿಗೆ ಮೊಣಕಾಲು ನೋವು, ಆದರೂ ನೆರಳಿನಲ್ಲಿ ನಿಧಾನಕ್ಕೆ ತುಂಬಾ ದೂರ ನಡೆದರು. ಒಂದು ಕಡೆ ನೆಲದ ತುಂಬಾ ರೆಂಜೆ (ಬಕುಳ) ಹೂವು! ಗುಂಡಿಯಷ್ಟು ಚಿಕ್ಕದು, ನಡುವೆ ತೂತು. ಅಮ್ಮ ಒಣಹುಲ್ಲಿನ ಎಸಳಿಗೆ ಒಂದೊಂದಾಗಿ ಪೋಣಿಸಿ ನನ್ನ ಕೈಗಿಟ್ಟರು. ಸಂಜೆವರೆಗೂ ಬ್ಯಾಗಿನಲ್ಲಿ ಅದರದ್ದೇ ಪರಿಮಳ.

ತುಳುನಾಡಿನ ಹಳೇ ಜಮೀನ್ದಾರರ ಮನೆಯಂತಿರುವ ಗುತ್ತುಮನೆಯನ್ನು ತಪ್ಪಿಸಬೇಡಿ. ಮರದ ಕಂಬಗಳನ್ನು ಹತ್ತಿರ ನಿಂತು ನೋಡಿ. ಕುಶಲಕರ್ಮಿಗಳ ಗ್ರಾಮವೂ ಚೆನ್ನಾಗಿದೆ, ಮಕ್ಕಳಿಗೆ ಜಾಸ್ತಿ ಖುಷಿ.

ಕೆರೆಯ ದಂಡೆಯಲ್ಲಿ ಯಾರೋ ಚಿಪ್ಸ್ ಪ್ಯಾಕೆಟ್ ಎಸೆದು ಹೋಗಿದ್ದರು. ಹಕ್ಕಿಗಳು ಬರುವ ಜಾಗ ಅಲ್ವಾ, ನೋಡಿ ತುಂಬಾ ಬೇಜಾರಾಯಿತು. ಹೆಕ್ಕಿ ಬ್ಯಾಗಿಗೆ ಹಾಕಿಕೊಂಡೆವು.

ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ನಮ್ಮ ಕರಾವಳಿಯ ಸೆಕೆ ಗೊತ್ತೇ ಇದೆ. ನೀರು, ಟೋಪಿ ಇರಲಿ. ಮಳೆಗಾಲದಲ್ಲಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ.